ತಗಡಿನ ಗೋಡೆಯ ತೊಂಬತ್ತು

ಗೊತ್ತಿಲ್ಲ ಎಂಬ ಮೂರಕ್ಷರ ಅವನ ಬಾಯಿಂದ ಬಿದ್ದದ್ದನ್ನು ಕೇಳಿದವರು ಆ ಬೀದಿಯಲ್ಲಿ ಒಬ್ಬರೂ ಇರಲಿಲ್ಲ. ಬಸ್ಸು ಯಾವಾಗ ಬರುತ್ತೆ ಎಂದರೆ ಹನ್ನೊಂದು ನಿಮಿಷ ಎನ್ನುತ್ತಿದ್ದ. ಮೋಡ ತೋರಿಸಿ ಮಳೆ ಎಷ್ಟು ಬಂದೀತು ಎಂದರೆ ಆರೂವರೆ ಎನ್ನುತ್ತಿದ್ದ. ಆರೂವರೆ ಏನು ಎಂದು ಯಾರೂ ಕೇಳಲಿಲ್ಲ. ಸಂಖ್ಯೆ ಕಿವಿಗೆ ಬಿದ್ದ ಕೂಡಲೇ ಬಾಯಿ ಮುಚ್ಚಿಕೊಳ್ಳುವುದನ್ನು ಶಾಲೆಯಲ್ಲಿ ಬೆತ್ತ ಹಿಡಿದು ಕಲಿಸುತ್ತಾರೆ. ಅರ್ಧಕ್ಕೆ ಶಾಲೆ ಬಿಟ್ಟು ಓಡಿದವನಿಗೂ ಅದೊಂದು ಪಾಠ ಮಾತ್ರ ಸಾಯುವತನಕ ನೆನಪಿರುತ್ತದೆ. ಹೀಗಾಗಿ ಬೀದಿಯವರು ಅವನಿಗೆ ಕರಾರುವಾಕ್ಕು ಎಂದು ಹೆಸರಿಟ್ಟಿದ್ದರು. ಅರ್ಧ ಜನ ಅದನ್ನು ಗೌರವದಿಂದ ಕರೆಯುತ್ತಿದ್ದರು, ಉಳಿದರ್ಧ ಹಲ್ಲು ಕಿಸಿದು ಕರೆಯುತ್ತಿದ್ದರು. ಅವನು ಇಬ್ಬರಿಗೂ ಒಂದೇ ಗತ್ತಿನಿಂದ ಓಗೊಡುತ್ತಿದ್ದ.

ಕೆಲಸ ಗೀಸರ್ ಕಾರ್ಖಾನೆಯ ಪ್ಯಾಕಿಂಗ್ ವಿಭಾಗದಲ್ಲಿ. ಪೆಟ್ಟಿಗೆ ಮುಂದೆ ಬರುತ್ತದೆ, ಸುರುಳಿಯಿಂದ ಚೀಟಿ ಕೀಳಬೇಕು, ಮೂಲೆಗೆ ಅಂಟಿಸಬೇಕು, ಹೆಬ್ಬೆರಳಿನಿಂದ ಎಡದಿಂದ ಬಲಕ್ಕೆ ಒಮ್ಮೆ ಒತ್ತಬೇಕು. ಅಷ್ಟೇ. ಚೀಟಿಯ ಮೇಲೆ ವ್ಯಾಟು, ಲೀಟರು, ಡಿಗ್ರಿ ಎಂದೆಲ್ಲ ಅಚ್ಚಾಗಿರುತ್ತಿತ್ತು. ವರ್ಷಗಟ್ಟಲೆ ಒತ್ತಿ ಒತ್ತಿ ಹೆಬ್ಬೆರಳಿಗೆ ಗೋಂದು ಹತ್ತಿದ ಹಾಗೆ ತಲೆಗೆ ಶಾಖಶಾಸ್ತ್ರವೂ ಹತ್ತಿದೆ ಎಂದು ಅವನು ಬಲವಾಗಿ ನಂಬಿದ್ದ.

ಮನೆ ಎಂದರೆ ಹಿಂದೊಮ್ಮೆ ಗೋದಾಮಾಗಿದ್ದ ಉದ್ದನೆಯ ಕಟ್ಟಡದ ಅರ್ಧ ಭಾಗ. ಮಾಲೀಕ ನಡುವೆ ತೆಳ್ಳನೆಯ ತಗಡು ಹೊಡೆಸಿ ಒಂದರ್ಧವನ್ನು ಸಂಸಾರಕ್ಕೂ ಇನ್ನೊಂದರ್ಧವನ್ನು ಬೇಕರಿಗೂ ಬಾಡಿಗೆಗೆ ಕೊಟ್ಟಿದ್ದ. ತಗಡಿನ ಆಚೆ ಬನ್ನಕ್ಕನ ಭಟ್ಟಿ. ಬನ್ನಕ್ಕ ಎಂದರೆ ಬನ್ನು ಬ್ರೆಡ್ಡು ಸುಟ್ಟು ಮಾರುವ ಗಟ್ಟಿ ಹೆಂಗಸು. ಅವಳು ಪಿಸುಗುಟ್ಟಿದರೂ ತಗಡು ಅದುರುತ್ತಿತ್ತು. ಈಚೆ ಕರಾರುವಾಕ್ಕಿನ ನಡುಮನೆ, ಅವರ ಮಾತಲ್ಲಿ ಹಾಲು. ಅದರಲ್ಲಿ ಹೆಂಡತಿಯ ಹೊಲಿಗೆ ಮಿಷನ್ನು, ಅವಳು ಹೊಲಿದು ಪೇರಿಸಿದ ದಿಂಬಿನ ಚೀಲಗಳು, ತಗಡಿಗೆ ಒತ್ತರಿಸಿಕೊಂಡು ಮಾವನ ಕುರ್ಚಿ. ಮಾವನಿಗೆ ಬೆನ್ನುನೋವು. ಬೆಳಗಿನಿಂದ ಸಂಜೆಯವರೆಗೆ ಬಿಸಿ ತಗಡಿಗೆ ಬೆನ್ನು ಕೊಟ್ಟು ಕೂತಿರುತ್ತಿದ್ದರು, ಯಾರಾದರೂ ಏಳಿ ಎಂದರೆ ಕಿವಿ ಕೇಳಿಸುತ್ತಿರಲಿಲ್ಲ.

ಇದಕ್ಕೆ ಮುಂಚೆ ಇವರು ಹೆಂಡತಿಯ ಅಣ್ಣನ ಮನೆಯ ಹಿಂಬದಿ ಕೋಣೆಯಲ್ಲಿದ್ದರು. ಅಲ್ಲಿ ದೀಪ ಹಾಕಿದರೆ ಯಾಕೆ ಹಾಕಿದಿರಿ, ಆರಿಸಿದರೆ ಯಾಕೆ ಆರಿಸಿದಿರಿ ಎಂಬ ವಿಚಾರಣೆ. ನಲ್ಲಿ ತಿರುಗಿಸಿದರೆ ಬಾಗಿಲಲ್ಲಿ ಒಂದು ಕೆಮ್ಮು. ಅನ್ನ ಹಾಕಿದವನ ಮುಖ ಅನ್ನಕ್ಕಿಂತ ಮೊದಲು ತಟ್ಟೆಯಲ್ಲಿ ಕಾಣುತ್ತಿತ್ತು. ಅರ್ಧ ಗೋದಾಮು ಸಿಕ್ಕ ದಿನ ಹೆಂಡತಿ ಆ ತಗಡನ್ನು ಮಗುವಿನ ಕೆನ್ನೆ ಸವರಿದ ಹಾಗೆ ಸವರಿದ್ದಳು. ಮಾವನೂ ಮಗನ ಮನೆ ಬಿಟ್ಟು ಇವರ ಗಾಡಿಯಲ್ಲೇ ಹತ್ತಿ ಕೂತಿದ್ದರು. ಈ ಮನೆ ಕೈತಪ್ಪಿದರೆ ಮತ್ತೆ ಆ ಹಿಂಬದಿ ಕೋಣೆಯೇ ಗತಿ. ಇದು ಮೂವರಿಗೂ ಗೊತ್ತಿತ್ತು, ಆ ಅಣ್ಣನಿಗೆ ಎಲ್ಲರಿಗಿಂತ ಚೆನ್ನಾಗಿ ಗೊತ್ತಿತ್ತು.

ಆ ಅಣ್ಣ ತಾಂತ್ರಿಕ ಶಾಲೆಯಲ್ಲಿ ಮೇಷ್ಟ್ರು. ಕರಾರುವಾಕ್ಕಿಗೆ ಭಾವ. ಭಾನುವಾರ ಮಧ್ಯಾಹ್ನ ಅಪ್ಪನನ್ನು ನೋಡುವ ನೆಪದಲ್ಲಿ ಬಂದು, ಅಪ್ಪನನ್ನು ಬಿಟ್ಟು ಮಿಕ್ಕಿದ್ದೆಲ್ಲವನ್ನೂ ನೋಡುತ್ತಿದ್ದ. ಅವತ್ತು ತಗಡಿನ ಮೇಲೆ ಅಂಗೈ ಇಟ್ಟ. ನಾಡಿ ನೋಡುವ ವೈದ್ಯನ ಹಾಗೆ ಕಣ್ಣು ಮುಚ್ಚಿಕೊಂಡ. ಇದರ ಮೂಲಕ ಸಾಕಷ್ಟು ಉಷ್ಣದ ಅಭಿವಾಹ ಇದೆ ಎಂದ. ತಂಗಿ ಬಾಯಿ ಬಿಟ್ಟು ನೋಡಿದಾಗ, ಒಂದು ಮೇಲ್ಮೈಯನ್ನು ದಾಟಿ ಎಷ್ಟು ಶಾಖ ಹರಿದುಹೋಗುತ್ತದೆ ಎಂಬುದರ ಲೆಕ್ಕ ಅದು, ಎರಡೂ ಬದಿಯ ಬಿಸಿ ಗೊತ್ತಿರಬೇಕು, ತಗಡಿನ ದಪ್ಪ ಗೊತ್ತಿರಬೇಕು, ಲೋಹದ ಗುಣ ಗೊತ್ತಿರಬೇಕು, ಇದೆಲ್ಲ ಚೀಟಿ ಅಂಟಿಸುವವರ ತಲೆಗೆ ಹತ್ತುವ ವಿಷಯವಲ್ಲ ಎಂದು ವಿವರಿಸಿದ. ಕಡೆಯ ಮಾತನ್ನು ಬಾಯಲ್ಲಿ ಹೇಳಲಿಲ್ಲ, ತುಟಿಯಂಚಲ್ಲಿ ನಕ್ಕು ಹೇಳಿದ. ಆಮೇಲೆ ಕೇಳಿದ.

"ಯಾವತ್ತಾದ್ರೂ ಲೆಕ್ಕ ಹಾಕಿದ್ದೀಯೇನಯ್ಯ?"

"ಹಾಕಿದೀನಿ ಭಾವ," ಎಂದ ಕರಾರುವಾಕ್ಕು. "ತೊಂಬತ್ತು."

ಇಲ್ಲಿ ಓದಿದವರ ಸಂಕಟ ನೋಡಬೇಕು. ತೊಂಬತ್ತು ಏನು ಎಂದು ಮೇಷ್ಟ್ರು ಕೇಳಬಹುದಿತ್ತು. ಕೇಳಿದರೆ ತನಗೆ ಅಂದಾಜಿಲ್ಲ ಎಂದಾಗುತ್ತದೆ. ಹತ್ತು ವರ್ಷದಿಂದ ಹಳದಿ ತಿರುಗಿದ ಹಾಳೆ ನೋಡಿಕೊಂಡು ಈ ಪಾಠವನ್ನೇ ಬರೆಸುತ್ತ ಬಂದಿದ್ದ; ತಗಡಿಗೆ ತೊಂಬತ್ತು ಹೆಚ್ಚೋ ಕಡಿಮೆಯೋ ಆ ಹಾಳೆಯಲ್ಲಿ ಇರಲಿಲ್ಲ. ಹಣೆ ಗಂಟಿಕ್ಕಿದ. ಕನ್ನಡಕ ತೆಗೆದು ಒರೆಸಿದ. ಇದು ಜಾಸ್ತಿಯಾಯಿತಲ್ಲ, ಇಂಥ ಮನೆಯಲ್ಲಿ ಅಪ್ಪನನ್ನು ಹೇಗೆ ಬಿಡೋದು ಎಂದ. ಮೇಷ್ಟ್ರು ಜಾಸ್ತಿ ಅಂದಮೇಲೆ ಬಾಯಿಗೆ ಬಂದ ತೊಂಬತ್ತಕ್ಕೆ ಕೈಕಾಲು ಮೂಡಿತು.

ಅದು ನಡೆಯಲು ಶುರುಮಾಡಿದ್ದು ಮೆಟ್ಟಿಲ ಮೇಲಿನಿಂದ. ಮಹಡಿ ಮನೆಯ ಟಪಾಲಿನವರು ಆಗ ಇಳಿದು ಬರುತ್ತಿದ್ದರು. ಅವರು ಟಪಾಲು ಕೆಲಸದಿಂದ ನಿವೃತ್ತರಾಗಿದ್ದರು, ಬಟವಾಡೆಯಿಂದ ಆಗಿರಲಿಲ್ಲ. ಕಿಟಕಿಯ ಪಕ್ಕ ಒಂದು ಕ್ಷಣ ಚಪ್ಪಲಿ ಸರಿಮಾಡಿಕೊಂಡರು, ತೊಂಬತ್ತನ್ನು ಜೇಬಿಗಿಳಿಸಿದರು. ಸಂಜೆಯ ಹೊತ್ತಿಗೆ ಮನೆಮನೆಗೂ ಮುಟ್ಟಿಸಿದ್ದರು. ತೊಂಬತ್ತಕ್ಕೆ ಬಾಲವಿರಲಿಲ್ಲವಾದ್ದರಿಂದ ಪ್ರತಿಯೊಬ್ಬರೂ ತಮಗೆ ತೋಚಿದ ಬಾಲ ಸಿಕ್ಕಿಸಿದರು. ಎದುರುಮನೆಯ ಕ್ಷೌರಿಕನಿಗೆ ಅದು ತೊಂಬತ್ತು ಡಿಗ್ರಿ. ನೂರಕ್ಕೆ ನೀರು ಕುದಿಯುತ್ತದೆ, ಇನ್ನು ಹತ್ತಾದರೆ ಮಾವನ ಬೆನ್ನು ಕುದಿಯುತ್ತದೆ ಎಂದು ಅವನು ಗಿರಾಕಿಯ ಕೆನ್ನೆಗೆ ನೊರೆ ಹಚ್ಚುತ್ತ ವಿವರಿಸಿದ. ಮೂಲೆ ಅಂಗಡಿಯವನಿಗೆ ಅದು ತೊಂಬತ್ತು ದಿನ. ಅಷ್ಟರೊಳಗೆ ಕಟ್ಟಡ ಬೀಳುತ್ತದಂತೆ. ಟಪಾಲಿನವರೇ ತಮ್ಮ ಹೆಂಡತಿಗೆ, ನೂರಕ್ಕೆ ತೊಂಬತ್ತು ಪಾಲು ಅನಾಹುತ ಖಚಿತ ಎಂದು ಹೇಳಿ ಟ್ರಂಕು ಕಟ್ಟಿಸಿದರು.

ಬನ್ನಕ್ಕ ಬಂದದ್ದು ಮೊಣಕೈವರೆಗೆ ಹಿಟ್ಟು ಮೆತ್ತಿಕೊಂಡು, ಭಟ್ಟಿಗೆ ಬನ್ನು ತಳ್ಳುವ ಉದ್ದನೆಯ ಹಲಗೆ ಹೆಗಲಿಗೇರಿಸಿಕೊಂಡು. ಅವಳು ಸಿಕ್ಕಿಸಿದ ಬಾಲ ಯಾರಿಗೂ ಹೊಳೆದಿರಲಿಲ್ಲ.

"ನೂರರಲ್ಲಿ ತೊಂಬತ್ತು ಭಾಗ ನಿಮ್ಮನೇಗೆ ಬಂದ್ರೆ ನನಗೆ ಉಳಿಯೋದೆಷ್ಟು? ಹತ್ತು. ಹತ್ತರಲ್ಲಿ ಬನ್ನು ಬೇಯುತ್ತಾ? ನಾನೂ ನೋಡ್ತಾನೇ ಇದೀನಿ, ಯಾಕಪ್ಪ ತಳ ಬಿಳಿಚಿಕೊಳ್ತಿದೆ ಅಂತ. ಸೌದೆ ನಂದು, ಶಾಖ ಇವರದು. ತಗಡಿಗೆ ಬೆನ್ನು ಕೊಟ್ಟು ಮುದುಕಪ್ಪ ದಿನಾ ನನ್ನ ಬನ್ನು ತಿಂತಿದಾರೆ."

ಮಾವನಿಗೆ ಕಿವಿ ಕೇಳಿಸಲಿಲ್ಲ. ಮಗಳಿಗೆ ಕೇಳಿಸಿತು. ನಿಮ್ಮ ಶಾಖ ನಮಗೇನೂ ಬೇಕಾಗಿಲ್ಲ, ಸೆರಗಲ್ಲಿ ಕಟ್ಟಿಕೊಂಡು ವಾಪಸ್ ಹೋಗಿ ಎಂದಳು. ಅಲ್ಲಿಂದ ಮುಂದಿನ ಮಾತುಗಳನ್ನು ಬರೆಯುವ ಹಾಗಿಲ್ಲ; ಇಬ್ಬರ ಅಮ್ಮಂದಿರೂ ಅಜ್ಜಿಯಂದಿರೂ ಅದರಲ್ಲಿ ಬಂದುಹೋದರು. ಕರಾರುವಾಕ್ಕು ನಡುವೆ ನಿಂತು, ತೊಂಬತ್ತು ಅಂದರೆ ಭಾಗ ಅಲ್ಲ ಎಂದು ಹೇಳಲು ಬಾಯಿ ತೆರೆದ. ಹಾಗಾದರೆ ಏನು ಎಂದು ಇಬ್ಬರೂ ಒಟ್ಟಿಗೆ ತಿರುಗಿದರು. ಬಾಯಿ ಮುಚ್ಚಿದ.

ಗದ್ದಲ ವಾರ್ಡ್ ಆಫೀಸಿಗೆ ತಲುಪಿತು. ಟಪಾಲಿನವರು ತಮ್ಮ ಕೈಯಾರೆ ತಲುಪಿಸಿದರು. ಒಂದು ಬೆಳಗ್ಗೆ ಸುರಕ್ಷತಾ ವಿಭಾಗದ ಇನ್ಸ್‌ಪೆಕ್ಟರು ಬಾಗಿಲಲ್ಲಿ ನಿಂತಿದ್ದರು. ಸಣ್ಣ ಮುಖ, ದೊಡ್ಡ ಚೀಲ, ಏರಿಳಿತವೇ ಇಲ್ಲದ ದನಿ. ಇಂಥವರ ದನಿಯೇ ಭಯ. ಬೈಯುವವನಿಗೆ ತಿರುಗಿ ಬೈಯಬಹುದು, ಕಾನೂನನ್ನು ಜೋಗುಳದ ಹಾಗೆ ಹೇಳುವವನಿಗೆ ಏನು ಮಾಡುವುದು?

ಅವರು ಹೇಳಿದ್ದು ಇಷ್ಟು. ಭಟ್ಟಿಯಿಂದ ಮನೆಗೆ ಶಾಖ ಹರಿಯುತ್ತಿದ್ದರೆ ಆ ಮನೆ ವಾಸಕ್ಕೆ ಯೋಗ್ಯವಲ್ಲ. ಮನೆಗೆ ಬೀಗ, ಭಟ್ಟಿಗೂ ಬೀಗ. ಮನೆಯಿಂದ ಭಟ್ಟಿಯ ಕಡೆಗೆ ಹರಿಯುತ್ತಿದ್ದರೆ ಆಹಾರ ತಯಾರಿಸುವ ಜಾಗದ ಪಕ್ಕದಲ್ಲಿ ಆ ಮನೆ ಇರತಕ್ಕದ್ದಲ್ಲ, ಮನೆಗೆ ಬೀಗ.

ಹೆಂಡತಿ ಸ್ವಲ್ಪ ಹೊತ್ತು ಲೆಕ್ಕ ಹಾಕಿದಳು. ಆ ಮನೆಯಲ್ಲಿ ನಿಜವಾದ ಲೆಕ್ಕ ಹಾಕುತ್ತಿದ್ದವಳು ಅವಳೊಬ್ಬಳೇ. "ಹಂಗಾದ್ರೆ ಆ ಕಡೆಯಿಂದ ಬಂದ್ರೂ ನಮಗೇ ಬೀಗ, ಈ ಕಡೆಯಿಂದ ಹೋದ್ರೂ ನಮಗೇ ಬೀಗ."

"ಹೌದಮ್ಮ."

"ಎಲ್ಲೂ ಹೋಗದೆ ಇದ್ರೆ?"

ಇನ್ಸ್‌ಪೆಕ್ಟರು ಯೋಚಿಸಿದರು. ಅಂಥದ್ದು ಇದುವರೆಗೆ ಬಂದಿಲ್ಲ, ಬಂದರೆ ಬೀಗದ ಪ್ರಶ್ನೆ ಬರುವುದಿಲ್ಲ ಎಂದರು.

ಆಗ ಕರಾರುವಾಕ್ಕು ತನ್ನ ಜೀವಮಾನದಲ್ಲಿ ಮಾಡದ ಕೆಲಸ ಮಾಡಿದ. ಹೆಬ್ಬೆರಳು ತನ್ನಷ್ಟಕ್ಕೆ ಗಾಳಿಯಲ್ಲಿ ಚೀಟಿ ಒತ್ತುತ್ತಿತ್ತು. ಸಾರ್, ಆ ತೊಂಬತ್ತು ಸುಮ್ಮನೆ ಬಾಯಿಗೆ ಬಂದದ್ದು, ಭಾವನ ಮುಂದೆ ಹೇಳಿಬಿಟ್ಟೆ, ಅದಕ್ಕೆ ತಲೆಬುಡ ಇಲ್ಲ ಎಂದ. ಇಂಥ ಮಾತು ಆಡಿದವನನ್ನು ಯಾವ ಕಾಲದಲ್ಲಾದರೂ ತಬ್ಬಿಕೊಳ್ಳಬೇಕು. ಸರ್ಕಾರ ತಬ್ಬಿಕೊಳ್ಳುವುದಿಲ್ಲ.

"ಲೆಕ್ಕ ಸುಳ್ಳು ಅನ್ನೋದು ಇನ್ನೊಂದು ಲೆಕ್ಕ ಆಗಲ್ಲ," ಎಂದರು ಇನ್ಸ್‌ಪೆಕ್ಟರು ಜೋಗುಳದ ದನಿಯಲ್ಲಿ. "ತೊಂಬತ್ತು ಆಫೀಸಿಗೆ ಬಂದಾಗಿದೆ. ಅದನ್ನ ತೆಗೀಬೇಕಾದ್ರೆ ಆ ಜಾಗದಲ್ಲಿ ಬೇರೇದು ಕೂರಿಸ್ಬೇಕು. ಗುರುವಾರ ಮೀಟರ್ ತರ್ತೀನಿ."

ಗುರುವಾರದವರೆಗೆ ಮನೆಯಲ್ಲಿ ಯಾರೂ ಅವನ ಜತೆ ಮಾತಾಡಲಿಲ್ಲ. ತಟ್ಟೆ ಮುಂದೆ ಬರುತ್ತಿತ್ತು, ಲೋಟ ಮುಂದೆ ಬರುತ್ತಿತ್ತು, ಕಾರ್ಖಾನೆಯ ಪೆಟ್ಟಿಗೆಗಳ ಹಾಗೆ, ಹಿಂದೆ ಯಾರಿದ್ದಾರೆಂದು ಕಾಣುತ್ತಿರಲಿಲ್ಲ. ಹೊಲಿಗೆ ಮಿಷನ್ನು ಮಾತ್ರ ಅವನು ಒಳಗೆ ಬಂದಾಗಲೆಲ್ಲ ಎರಡರಷ್ಟು ಜೋರಾಗಿ ಓಡುತ್ತಿತ್ತು. ಆಚೆ ಬನ್ನಕ್ಕ ಹೆದರಿ ಭಟ್ಟಿ ಆರಿಸಿದಳು, ಬೂದಿ ತೆಗೆದಳು, ಕಿಟಕಿ ತೆರೆದಿಟ್ಟಳು, ತಗಡಿಗೆ ಒದ್ದೆ ಗೋಣಿಚೀಲ ಹೊದಿಸಿದಳು. ಮಾವ ಮೊದಲ ಬಾರಿಗೆ ಬೆನ್ನು ತಣ್ಣಗಾಗಿ ನರಳಿದರು. ಭಾವ ಬುಧವಾರವೇ ಬಂದು, ಹಿಂಬದಿ ಕೋಣೆ ಗುಡಿಸಿ ಇಟ್ಟಿದೀನಿ, ತಂಗಿ ಬೀದಿಗೆ ಬೀಳೋದು ಬೇಡ ಎಂದು ಬೀದಿಗೆ ಕೇಳುವ ಹಾಗೆ ಹೇಳಿಹೋದ. ಗುಡಿಸಿದ್ದೇನೆ ಎನ್ನುವಾಗ ಅವನ ಮುಖದಲ್ಲಿ ಎಂಥ ಕಾರುಣ್ಯವಿತ್ತೆಂದರೆ ಕರಾರುವಾಕ್ಕಿಗೆ ಅದರ ಮೇಲೊಂದು ಚೀಟಿ ಅಂಟಿಸಿ ಹೆಬ್ಬೆರಳಿನಿಂದ ಗಟ್ಟಿಯಾಗಿ ಒತ್ತಬೇಕೆನಿಸಿತು.

ಗುರುವಾರ ಬಂತು. ಮೀಟರು ನೋಡಲು ಬೀದಿಗೆ ಬೀದಿಯೇ ಹಾಲಿನೊಳಗೆ ಬಂತು, ಜತೆಗೆ ಭಾವನೂ ಬಂದ. ದಿಂಬಿನ ಚೀಲಗಳ ಮೇಲೆ ಕೂತರು, ಮಿಷನ್ನಿನ ಮೇಲೆ ಮೊಣಕೈ ಊರಿದರು. ಗಾಳಿ ಆಡಕೂಡದು ಎಂದು ಇನ್ಸ್‌ಪೆಕ್ಟರು ಕಿಟಕಿ ಬಾಗಿಲು ಹಾಕಿಸಿದರು. ಚೀಲದಿಂದ ಬಿಸ್ಕತ್ತಿನಗಲದ ಒಂದು ಬಿಲ್ಲೆ ತೆಗೆದು ಮಾವನ ತಲೆಯ ಪಕ್ಕ ತಗಡಿಗೆ ಅಂಟಿಸಿದರು. ಬಿಲ್ಲೆಯಿಂದ ವೈರು, ವೈರಿನ ತುದಿಗೆ ಪೆಟ್ಟಿಗೆ, ಪೆಟ್ಟಿಗೆಯ ಮುಖದಲ್ಲಿ ಮುಳ್ಳು. ನಡುವೆ ಸೊನ್ನೆ. ಮುಳ್ಳು ಬಲಕ್ಕೆ ಹೋದರೆ ಬೇಕರಿಯಿಂದ ಮನೆಗೆ, ಎಡಕ್ಕೆ ಹೋದರೆ ಮನೆಯಿಂದ ಬೇಕರಿಗೆ. ಸೊನ್ನೆಯ ಆಚೆಗೊಂದು ಈಚೆಗೊಂದು ಕೂದಲೆಳೆಯ ಗೆರೆ. ಆ ಎರಡು ಗೆರೆಯ ನಡುವೆ ನಿಂತರೆ ಏನೂ ಹರಿಯುತ್ತಿಲ್ಲ ಎಂದರ್ಥ. ಮನೆ ಇದ್ದದ್ದು ಆ ಎರಡು ಕೂದಲಿನ ನಡುವೆ.

ಇನ್ಸ್‌ಪೆಕ್ಟರು ಗುಂಡಿ ಒತ್ತಿದರು. ಮುಳ್ಳು ಒಮ್ಮೆ ನಡುಗಿ, ಎಡಕ್ಕೆ ಸರಿಯಿತು, ಸರಿಯುತ್ತಲೇ ಹೋಯಿತು.

ತೊಂಬತ್ತು ಆ ಕಡೆಯಿಂದ ಬರುತ್ತಿದೆ ಎಂದು ಹೆದರಿದ್ದವರಿಗೆ ತಾವೇ ಆ ಕಡೆಗೆ ಕಳಿಸುತ್ತಿದ್ದೇವೆ ಎಂದು ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. ಭಾವನಿಗೆ ಮೊದಲು ಅರ್ಥವಾಯಿತು, ಯಾಕೆಂದರೆ ಇದು ಅವನ ಹಳದಿ ಹಾಳೆಯಲ್ಲಿತ್ತು. ಸುಮ್ಮನೆ ಕೂತ ಮನುಷ್ಯ ಕೂಡ ನೂರು ವ್ಯಾಟಿನ ಬಲ್ಬಿನಷ್ಟು ಶಾಖ ಬಿಡುತ್ತಾನೆ, ಭಟ್ಟಿ ಆರಿದೆ, ಇಲ್ಲಿ ಇಷ್ಟು ಬಲ್ಬು ಉರಿಯುತ್ತಿದೆ, ಶಾಖ ಇನ್ನೆಲ್ಲಿಗೆ ಹೋಗಬೇಕು ಎಂದ. ಸಿಟ್ಟು ಬಂದವರು ಇನ್ನೂ ಹೆಚ್ಚು ಬಿಡುತ್ತಾರೆ ಎಂದು ಸೇರಿಸಿದ. ಹೆಂಡತಿ ಗಂಡನ ಕಡೆ ತಿರುಗಿ ನೋಡಿದಳು. ಮುಳ್ಳು ಇನ್ನೊಂದು ಗೆರೆ ಎಡಕ್ಕೆ ಹೋಯಿತು.

ಇನ್ಸ್‌ಪೆಕ್ಟರು ಪೆನ್ನಿನ ಮುಚ್ಚಳ ತೆಗೆದರು.

"ಸಾರ್, ಒಂದ್ನಿಮಿಷ," ಎಂದ ಕರಾರುವಾಕ್ಕು. ಅವನು ಹೇಳಿದ ನಿಮಿಷಗಳಲ್ಲಿ ನಿಜವಾಗಿ ಬೇಕಾಗಿದ್ದದ್ದು ಇದೊಂದೇ. ಕ್ಷೌರಿಕನ ತೋಳು ಹಿಡಿದು ಬಾಗಿಲಾಚೆ ದಬ್ಬಿದ. ಮೂಲೆ ಅಂಗಡಿಯವನನ್ನು ದಬ್ಬಿದ. ದಿಂಬಿನ ಚೀಲದ ಮೇಲೆ ಕೂತವರನ್ನು ಚೀಲ ಸಮೇತ ಎಬ್ಬಿಸಿದ. ಒಬ್ಬೊಬ್ಬರು ಹೋದಂತೆ ಮುಳ್ಳು ಒಂದೊಂದು ಕೂದಲು ಹಿಂದಕ್ಕೆ ಬಂತು. ಕಡೆಗೆ ಉಳಿದವರು ಹೆಂಡತಿ, ಮಾವ, ಭಾವ, ಟಪಾಲಿನವರು, ಇನ್ಸ್‌ಪೆಕ್ಟರು ಮತ್ತು ಅವನು. ಮುಳ್ಳು ಇನ್ನೂ ಎಡಕ್ಕೇ ನಿಂತಿತ್ತು. ಮಾವನನ್ನು ಎಬ್ಬಿಸೋಣವೆಂದರೆ ಅವರಿಗೆ ಕಿವಿ ಕೇಳಿಸುತ್ತಿರಲಿಲ್ಲ.

ಹೆಂಡತಿ ತಗಡಿನ ಹತ್ತಿರ ಹೋದಳು. ಅಜ್ಜಿಯಂದಿರವರೆಗೆ ಜಗಳವಾಗಿದ್ದ ತಗಡು ಅದು. ಹಣೆ ತಾಗುವಷ್ಟು ಸಮೀಪ ನಿಂತು ಕೇಳಿದಳು.

"ಅಕ್ಕಾ, ಭಟ್ಟಿಗೆ ಒಂದು ಹಿಡಿ ಸೌದೆ ಹಾಕ್ತೀರಾ?"

ಬನ್ನಕ್ಕನ ಮೌನವನ್ನು ಆ ತಗಡು ಮೊದಲ ಬಾರಿ ಕೇಳಿಸಿಕೊಂಡಿತು. ಅವಳ ಲೆಕ್ಕ ಎಲ್ಲರಿಗೂ ತಿಳಿಯುತ್ತಿತ್ತು. ಮುಳ್ಳು ಎಡಕ್ಕಿದ್ದರೆ ಅವಳು ಬಚಾವು, ಬೀಗ ಇವರಿಗೆ ಮಾತ್ರ. ಸೌದೆ ಹಾಕಿ ಮುಳ್ಳು ಬಲಕ್ಕೆ ದಾಟಿದರೆ ಭಟ್ಟಿಗೂ ಬೀಗ. ಕೈಯಾರೆ ತನ್ನ ಹೊಟ್ಟೆಗೆ ಬೀಗ ಹಾಕಿಕೋ ಎಂದು ಕೇಳಿದ ಹಾಗಿತ್ತು. ಇನ್ಸ್‌ಪೆಕ್ಟರ ಪೆನ್ನು ಕಾಗದಕ್ಕೆ ತಾಗಿತು.

"ನೀನು ಹೋದ್ರೆ ನಾನು ಯಾರ್ ಜತೆ ಜಗಳ ಆಡ್ಲೇ," ಎಂದಿತು ತಗಡು. ಆಮೇಲೆ ಒದ್ದೆ ಗೋಣಿ ಎಳೆದುಹಾಕಿದ ಸದ್ದು, ಕಡ್ಡಿ ಗೀರಿದ ಸದ್ದು.

ಬನ್ನಕ್ಕನಿಗೆ ಒಂದು ಹಿಡಿ ಎಂದರೆ ಒಂದು ತೋಳು. ಮುಳ್ಳು ಎದ್ದು, ಸೊನ್ನೆಯನ್ನು ಮಾತಾಡಿಸದೆ ದಾಟಿ, ಬಲಕ್ಕೆ ಹಾರಿತು. ಮಾವ ಆಹಾ ಎಂದರು. ಇನ್ಸ್‌ಪೆಕ್ಟರು ಬರೆಯುತ್ತಿದ್ದದ್ದನ್ನು ಹೊಡೆದುಹಾಕಿ, ಬೇಕರಿಯಿಂದ ಮನೆಗೆ, ಎರಡಕ್ಕೂ ಬೀಗ ಎಂದು ಹೊಸ ಸಾಲು ಶುರುಮಾಡಿದರು. ಆಚೆಯಿಂದ ಬನ್ನಕ್ಕ ಏನಾಯ್ತು ಏನಾಯ್ತು ಎಂದು ಕೇಳುತ್ತಿದ್ದಳು.

ಕರಾರುವಾಕ್ಕು ಬಾಗಿಲು ತೆರೆದು, ತಾನು ದಬ್ಬಿದವರನ್ನೇ ಕೈಮುಗಿದು ಕರೆದ. ದಬ್ಬಿಸಿಕೊಂಡವರಿಗೆ ಮಾನವಿರುತ್ತದೆ. ಕ್ಷೌರಿಕ, ನಾವೇನು ನಿಮ್ಮನೆ ಬಲ್ಬಾ ಎಂದು ಕೇಳಿದ. ಬೇಡಿಕೊಂಡ ಮೇಲೆ ಕೆಲವರು ಬಂದರು, ಮುಳ್ಳು ಎಡಕ್ಕೆ ವಾಲಿತು, ಹೆಚ್ಚಾಯಿತು ಎಂದು ಕೆಲವರನ್ನು ಮತ್ತೆ ಕಳಿಸಿದ, ಕಡಿಮೆಯಾಯಿತು. ತಗಡಿನ ಮೂಲಕ ಸ್ವಲ್ಪ ಕೆಂಡ ಹೊರಗೆಳೆಯಿರಿ ಅಕ್ಕಾ ಎಂದ, ಬನ್ನಕ್ಕ ಎಳೆದಳು, ಹೆಚ್ಚು ಎಳೆದಳು, ಸ್ವಲ್ಪ ಒಳಗೆ ತಳ್ಳಿ ಎಂದ. ಭಾವ ಪೆಟ್ಟಿಗೆಯ ಮುಂದೆ ಕುಕ್ಕರಗಾಲಲ್ಲಿ ಕೂತು ಎಡ, ಬಲ, ಎಡ ಎಂದು ಕೂಗುತ್ತಿದ್ದ. ಕನ್ನಡಕ ಬೆವರಿನಿಂದ ಮಬ್ಬಾಗಿ ಅವನಿಗೆ ಮುಳ್ಳೇ ಕಾಣುತ್ತಿರಲಿಲ್ಲ, ಆದರೂ ಕೂಗುತ್ತಿದ್ದ. ಮೇಷ್ಟ್ರುತನ ಎಂದರೆ ಅದೇ ತಾನೆ. ಇನ್ಸ್‌ಪೆಕ್ಟರು ಗಡಿಯಾರ ನೋಡಿಕೊಂಡರು. ಊಟದ ಹೊತ್ತಿಗೆ ಯಾವ ಕಡೆ ಇರುತ್ತೋ ಆ ಕಡೆ ಬರೀತೀನಿ ಎಂದರು.

ಕೆಂಡ ಒಂದು ಹದಕ್ಕೆ ಬಂತು. ಬೀದಿಯವರೆಲ್ಲ ಹೊರಗೆ ಹೋದರು. ಒಳಗೆ ಮತ್ತೆ ಅದೇ ಆರು ಜನ. ಮುಳ್ಳು ಸೊನ್ನೆಯ ಎಡಗೆರೆಯಿಂದ ಒಂದೇ ಕೂದಲು ಆಚೆ ನಿಂತು, ಅಲ್ಲಿಂದ ಕದಲಲಿಲ್ಲ.

ಟಪಾಲಿನವರು ಎದ್ದರು. ಬಹಳ ಹೊತ್ತಿನಿಂದ ಅವರಿಗೆ ಹೊರಗೆ ಹೋಗುವ ಅವಸರವಿತ್ತು, ಕಾಲು ಮೇಲೆ ಕಾಲು ಹಾಕಿ ತಡೆದುಕೊಂಡಿದ್ದರು. ಅವರು ಬಾಗಿಲು ದಾಟುವಷ್ಟರಲ್ಲಿ ಮುಳ್ಳು ಬಲಗೆರೆಯನ್ನು ಎರಡು ಕೂದಲು ದಾಟಿತು. ಟಪಾಲಿನವರು ದೊಡ್ಡ ಬಲ್ಬು. ಹೆಂಡತಿ ಅವರ ಅಂಗಿ ಹಿಡಿದು ಎಳೆತಂದು ಕೂರಿಸಿದಳು. ಅವರು ಕಣ್ಣು ಮುಚ್ಚಿ ಹಲ್ಲು ಕಚ್ಚಿಕೊಂಡರು.

ಭಾವನನ್ನು ಕಳಿಸಿ ನೋಡಿದರು, ಬಲಕ್ಕೆ. ಹೆಂಡತಿ ಹೊರಗೆ ಹೋದಳು, ಬಲಕ್ಕೆ. ಅವಳದು ಎಲ್ಲರಿಗಿಂತ ಜಾಸ್ತಿ. ಕಡೆಗೆ ಕರಾರುವಾಕ್ಕು ತಾನೇ ಹೊರಗೆ ಹೋಗಿ ಕಿಟಕಿಯ ಗಾಜಿಗೆ ಮುಖ ಒತ್ತಿದ. ಭಾವ ತಲೆ ಅಲ್ಲಾಡಿಸಿದ. ಬಲಕ್ಕೆ, ಒಂದೇ ಕೂದಲು. ಒಳಗೆ ಬಂದ. ಎಡಕ್ಕೆ, ಒಂದೇ ಕೂದಲು. ಮತ್ತೆ ಹೊರಗೆ. ಮತ್ತೆ ಒಳಗೆ. ಇನ್ಸ್‌ಪೆಕ್ಟರು ಚೀಲದ ಬಾಯಿ ಕಟ್ಟಲು ದಾರ ಹುಡುಕುತ್ತಿದ್ದರು. ಹೆಂಡತಿಯ ಕಣ್ಣಲ್ಲಿ ಹಿಂಬದಿ ಕೋಣೆ, ಅದರ ನಲ್ಲಿ, ಬಾಗಿಲ ಕೆಮ್ಮು ಎಲ್ಲ ಸಾಲಾಗಿ ಕಾಣುತ್ತಿತ್ತು.

ಅವನು ಹೊಸ್ತಿಲ ಮೇಲೆ ನಿಂತ.

ಬಲಗಾಲು ಒಳಗೆ, ಎಡಗಾಲು ಹೊರಗೆ. ಬಾಗಿಲನ್ನು ಪಕ್ಕೆಲುಬಿಗೆ ಒತ್ತಿಕೊಂಡ. ಅರ್ಧ ಮೈ ಹಾಲಿನ ಸೆಕೆಯಲ್ಲಿ, ಅರ್ಧ ಮೈ ಬೀದಿಯ ಗಾಳಿಯಲ್ಲಿ.

ಭಾವ ಕನ್ನಡಕ ಒರೆಸಿಕೊಂಡು ನೋಡಿದ. ಅವನ ದನಿ ಇಳಿದುಹೋಗಿತ್ತು. "ಅಲ್ಲೇ ಇರು."

ಮುಳ್ಳು ಎರಡು ಗೆರೆಗಳ ನಡುವೆ ಸೊನ್ನೆಯ ಮೇಲೆ ನಿಂತಿತ್ತು.

ಸಹಿ ಐದು ಕಡೆ ಹಾಕಬೇಕಿತ್ತು. ಇನ್ಸ್‌ಪೆಕ್ಟರ ಸಹಿ ಅವರ ದನಿಯ ಹಾಗೆಯೇ, ಅವಸರವಿಲ್ಲದ್ದು, ಅಪ್ಪನ ಹೆಸರು ತಾತನ ಹೆಸರು ಎಲ್ಲ ಸೇರಿದ್ದು. ಮೊದಲನೆಯ ಸಹಿಗೆ ಹೆಂಡತಿ ಉಸಿರು ಬಿಡುವುದನ್ನು ನಿಲ್ಲಿಸಿದಳು, ಬಿಸಿಯುಸಿರಿಗೂ ಲೆಕ್ಕವಿರಬಹುದೆಂದು. ಎರಡನೆಯದಕ್ಕೆ ಟಪಾಲಿನವರ ಹಣೆಯ ನರ ಎದ್ದಿತು. ಮೂರನೆಯದಕ್ಕೆ ಪೆನ್ನಿನ ಶಾಯಿ ಕಟ್ಟಿತು. ಇನ್ಸ್‌ಪೆಕ್ಟರು ಕೊಡವಿದರು, ನಿಧಾನವಾಗಿ, ಮತ್ತೆ ಕೊಡವಿದರು. ಆಚೆ ಬನ್ನಕ್ಕ ಒಂದು ಕೆಂಡವನ್ನು ಇಕ್ಕಳದಲ್ಲಿ ಹಿಡಿದು, ಒಳಗೂ ಹಾಕದೆ ಹೊರಗೂ ಹಾಕದೆ ನಿಂತಿದ್ದಳೆಂದು ಆಮೇಲೆ ತಿಳಿಯಿತು. ನಾಲ್ಕನೆಯದಕ್ಕೆ ಕರಾರುವಾಕ್ಕಿನ ಎಡಗಾಲು ಮರಗಟ್ಟಿತು. ಅಲುಗಾಡಲಿಲ್ಲ. ಅವನು ಜೀವನದಲ್ಲಿ ಒಮ್ಮೆಯಾದರೂ ಕರಾರುವಾಕ್ಕಾಗಿ ಇದ್ದದ್ದು ಆಗ.

ಐದನೆಯ ಸಹಿ ಬಿತ್ತು. ಟಪಾಲಿನವರು ಕಿಟಕಿಯಿಂದಲೇ ಹಾರುವವರ ಹಾಗೆ ಎದ್ದರು.

"ಕೂತ್ಕೊಳ್ಳಿ," ಎಂದರು ಇನ್ಸ್‌ಪೆಕ್ಟರು. ಆದೇಶ ಓದುವುದು ಬಾಕಿಯಿತ್ತು. ಸದರಿ ತಗಡಿನ ಮೂಲಕ ಯಾವುದೇ ಶಾಖ ಹರಿಯುತ್ತಿಲ್ಲವಾದ್ದರಿಂದ ಮನೆಗಾಗಲೀ ಭಟ್ಟಿಗಾಗಲೀ ಬೀಗ ಹಾಕುವ ಪ್ರಮೇಯವಿಲ್ಲ. ಹೆಂಡತಿ ತಗಡಿಗೆ ಒರಗಿ ಅತ್ತಳು. ಆದರೆ ಅಳತೆಯ ವೇಳೆಯಲ್ಲಿದ್ದ ಸ್ಥಿತಿಗತಿಗಳನ್ನು ಯಥಾವತ್ತಾಗಿ ಕಾಯ್ದುಕೊಂಡು ಬರತಕ್ಕದ್ದು. ವಿಭಾಗದವರು ಯಾವ ಹೊತ್ತಿನಲ್ಲಾದರೂ ಬಂದು ಪರಿಶೀಲಿಸತಕ್ಕದ್ದು. ವ್ಯತ್ಯಾಸ ಕಂಡುಬಂದಲ್ಲಿ ಬೀಗ.

"ಯಥಾವತ್ತಾಗಿ ಅಂದ್ರೆ?" ಎಂದು ಭಾವ ಕೇಳಿದ. ತನಗೆ ತಿಳಿಯದ್ದನ್ನು ಅವನು ಕೇಳಿದ್ದು ಇದೇ ಮೊದಲು.

ಯಥಾವತ್ತಾಗಿ ಅಂದರೆ ಯಥಾವತ್ತಾಗಿ ಎಂದರು ಇನ್ಸ್‌ಪೆಕ್ಟರು. ಯಾರು ಎಲ್ಲಿದ್ದರೋ ಅಲ್ಲಿ. ಟಪಾಲಿನವರಿಗೆ ಮಾತ್ರ ಹೋಗಿ ಬರಲು ಸಮಯ ಕೊಟ್ಟರು. ನಾನು ಹೋದ ಮೇಲೆ ನನ್ನ ಪಾಲಿನ ಶಾಖಕ್ಕೆ ನನ್ನ ತೂಕದವರೊಬ್ಬರನ್ನು ಬದಲಿಗೆ ಕೂರಿಸಿಕೊಳ್ಳಿ ಎಂದು ಹೇಳಿ, ಬಿಲ್ಲೆ ಕಿತ್ತು, ಚೀಲ ಕಟ್ಟಿ, ಹೊಸ್ತಿಲ ಮೇಲೆ ನಿಂತಿದ್ದ ಮನುಷ್ಯನ ಪಕ್ಕದಿಂದ ಅಡ್ಡವಾಗಿ ನುಸುಳಿ ಹೋದರು.

ಭಾವ ತಲೆ ಮೇಲೆ ಕೈಹೊತ್ತು ಕುಳಿತ. ಪಾಠಕ್ಕೆ ರಜೆ ಹಾಕಬೇಕು, ಗುಡಿಸಿಟ್ಟ ಕೋಣೆಯಿಂದ ಹಾಸಿಗೆ ತರಿಸಬೇಕು. ಇನ್ಸ್‌ಪೆಕ್ಟರ ಬದಲಿಗೆ ಯಾರು ಎಂಬ ಚರ್ಚೆಯಲ್ಲಿ ತೂಕ ಸರಿಹೊಂದಿದ್ದು ಭಾವನ ಹೆಂಡತಿಯದು. ಅವಳು ಸಂಜೆಯೊಳಗೆ ಎರಡು ಚೀಲ ಹಿಡಿದು ಬಂದು, ಈ ದೀಪ ಯಾರು ಹಾಕಿದ್ದು ಎಂದು ಕೇಳುತ್ತಲೇ ಒಳಗೆ ಕಾಲಿಟ್ಟಳು. ಟಪಾಲಿನವರು ತಮ್ಮ ಟ್ರಂಕನ್ನು ಕೆಳಗೆ ಇಳಿಸಿ ಮಿಷನ್ನಿನ ಪಕ್ಕ ಇಟ್ಟರು. ಮಾವ ಬಿಸಿ ತಗಡಿಗೆ ಬೆನ್ನೊತ್ತಿ ಕೂತೇ ಇದ್ದರು. ಬನ್ನಕ್ಕ ತಗಡಿನಾಚೆಯಿಂದ, ಕೆಂಡ ಸರಿಯಾಗಿದೆಯಾ, ಹೆಚ್ಚಿಸ್ಲಾ ಕಮ್ಮಿ ಮಾಡ್ಲಾ ಎಂದು ಮೆತ್ತಗೆ ವಿಚಾರಿಸಿಕೊಂಡಳು.

ಎಲ್ಲರಿಗೂ ಊಟಕ್ಕೆ ತಟ್ಟೆ ಹಾಕಿದ ಮೇಲೆ ಹೆಂಡತಿ ಒಂದು ತಟ್ಟೆ ಹಿಡಿದು ಬಾಗಿಲ ಹತ್ತಿರ ಬಂದಳು. ಎಷ್ಟೋ ದಿನಗಳ ಮೇಲೆ ಅವನ ಮುಖ ನೋಡಿದಳು. ಕಾಲು ನೋಯ್ತಿದೆಯಾ ಎಂದು ಕೇಳಿದಳು.

"ಗೊತ್ತಿಲ್ಲ," ಎಂದ ಅವನು.

ತಟ್ಟೆಯನ್ನು ಅವನ ಒಳಗಿದ್ದ ಕೈಗೆ ಕೊಟ್ಟಳು. ಒಳಗೆ ಬಾ ಎನ್ನಲಿಲ್ಲ. ಬಂದಿದ್ದರೆ ಮನೆ ಹೋಗುತ್ತಿತ್ತು.